ಅಡುಗೆಮನೆಗೆ ನಾಲ್ಕು ಚಕ್ರ

“ನಿನಗೆ ಅಡುಗೆಮನೆಯಿಂದ ಒಂದು ವಾರ ರಜೆ” ಎಂದಿದ್ದ ಗಂಡ, ಮಾತಿಗೆ ತಪ್ಪದೆ ಮಂಚ, ಒಲೆ, ಸಿಂಕ್ ಎಲ್ಲ ಇರುವ ಕ್ಯಾರವಾನನ್ನೇ ಬಾಡಿಗೆಗೆ ತಂದ. ನಾಲ್ಕು ದಿನ ಅವನು ಕಡಲು ನೋಡಿದ. ವಿಶಾಲಾಕ್ಷಿಯೂ ನೋಡಿದಳು, ಒಗ್ಗರಣೆಯ ಹೊಗೆಯ ನಡುವೆ, ಅಂಗೈಯಗಲದ ಕಿಟಕಿಯಲ್ಲಿ ಕಂಡಷ್ಟು.

ಐದನೆಯ ದಿನ ಕಡಲ ದಂಡೆಯ ಪಾರ್ಕಿನ ಗೇಟಿನಲ್ಲಿ ಕಾವಲುಗಾರ ಗಾಡಿ ತಡೆದ.

“ಒಳಗೆ ಒಲೆ ಹಚ್ಚುವ ಹಾಗಿಲ್ಲ ಮಾರಾಯ್ರೇ, ಗಾಡಿಯಲ್ಲೂ ಇಲ್ಲ. ಊಟ ಕ್ಯಾಂಟೀನಲ್ಲೇ. ಸಂಜೆ ಆರಕ್ಕೆ ಎಲ್ಲರೂ ಹೊರಗೆ.”

“ಬಜ್ಜಿ ಕರಿಯೋಕೂ ಬಿಡಲ್ವಂತೆ! ಇದೂ ಒಂದು ಪಾರ್ಕಾ?” ಗಂಡ ಸಿಡುಕುತ್ತಾ ರಿವರ್ಸ್ ಗೇರ್ ಹಾಕಿದ. “ಬೇರೆ ಬೀಚ್ ನೋಡೋಣ.”

ವಿಶಾಲಾಕ್ಷಿ ಆಗಲೇ ಇಳಿದು ಕಾವಲುಗಾರನ ಮುಂದೆ ನಿಂತಿದ್ದಳು.

“ಅಣ್ಣಾ, ಇಲ್ಲೇ ಒಂದು ವಾರ ಉಳಿಯೋಕೆ ಯಾರನ್ನ ಕೇಳ್ಬೇಕು?”