ವಾಚರ್ ಬೋರಯ್ಯನ ಡ್ಯೂಟಿ

ಬೆಟ್ಟದಿಂದ ಮಾಯವಾಗಿದ್ದ ರಣಹದ್ದುಗಳನ್ನು ಮತ್ತೆ ನೆಲೆಗೊಳಿಸಲೆಂದು ಅರಣ್ಯ ಇಲಾಖೆ ಹತ್ತೊಂಬತ್ತು ಮರಿಗಳನ್ನು ಸಾಕಿ, ದೊಡ್ಡದು ಮಾಡಿ ಹಾರಿಬಿಟ್ಟಿತ್ತು. ಮರುದಿನದಿಂದ ಒಂದೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ವಾಚರ್ ಬೋರಯ್ಯನ ಪುಸ್ತಕದಲ್ಲಿ ಎಂಟು ತಿಂಗಳಿಂದ ದಿನವೂ ಒಂದೇ ಮಾತು: ಕಂಡಿಲ್ಲ.

ಕೊನೆಗೊಂದು ಮಧ್ಯಾಹ್ನ ರೇಂಜರ್ ಸಾಹೇಬರು ತಮ್ಮ ಭಾರೀ ಮೈ ಹೊತ್ತು, ಏದುಸಿರು ಬಿಡುತ್ತಾ ತಾವೇ ಬೆಟ್ಟ ಹತ್ತಿದರು. ತುದಿಯ ಬಂಡೆಯ ಮೇಲೆ ಬೋರಯ್ಯ ಕೈಕಾಲು ಚಾಚಿ ಅಂಗಾತ ಬಿದ್ದಿದ್ದ.

“ಡ್ಯೂಟೀಲಿ ನಿದ್ದೇನಾ? ಅದಕ್ಕೇ ನಿಂಗೆ ಒಂದು ಹದ್ದೂ ಕಾಣ್ತಿಲ್ಲ! ಇವತ್ತೇ ಸಸ್ಪೆಂಡ್ ಮಾಡ್ತೀನಿ!”

ಆ ಕೂಗಿಗೆ ಬಂಡೆಯ ಆಚೆ ಬದಿಯಿಂದ ರಪರಪ ಸದ್ದಾಯಿತು. ಏಳು ರಣಹದ್ದುಗಳು ಒಮ್ಮೆಗೇ ಮೇಲೆದ್ದು ಹಾರಿಹೋದವು.

ಬೋರಯ್ಯ ಕಣ್ಣು ಬಿಟ್ಟ. “ಬೆಳಗ್ಗಿಂದ ಉಸ್ರು ಬಿಗಿ ಹಿಡ್ಕಂಡು ಹೆಣದಂಗೆ ಬಿದ್ದಿದ್ದೆ ಸಾರ್. ಎಲ್ಲಾ ಹಾಳು ಮಾಡ್ಬುಟ್ರಿ.”

“ಉಳಿದ ಹನ್ನೆರಡು ಎಲ್ಲಯ್ಯಾ?” ಸಾಹೇಬರ ದನಿ ಇಳಿದಿತ್ತು.

ಬೋರಯ್ಯ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

“ನನ್ನಂಥ ಬಡಕಲಿಗೇ ಏಳು ಬಂದ್ವು. ನೀವೂ ಒಸಿ ಮನಿಕ್ಕಳಿ ಸಾರ್, ಬಾಕಿಯವೂ ಇಳೀತವೆ.”