ಸುರಿಯದ ಚೀಲ

ಪಾಸ್ಟರು ಚೀಟಿಯನ್ನು ಬಿಡಿಸಿಯೂ ನೋಡದೆ ಹಿಂದಕ್ಕೆ ಕೊಟ್ಟಾಗ ತಿಮ್ಮಯ್ಯನಿಗೆ ಅನುಮಾನ ಹುಟ್ಟಿತು. ತಾನು ಮಾಡಿದ ತಪ್ಪುಗಳನ್ನೆಲ್ಲ ಎರಡು ದಿನ ಕೂತು ಅದರಲ್ಲಿ ಬರೆದು ತಂದಿದ್ದ.

"ನೋಡ್ದೆ ಹೆಂಗೆ ಸಭೆಗೆ ಸೇರಿಸ್ಕತೀರ ಪಾಸ್ಟ್ರೇ?"

"ನೋಡಿ ಕೊಡೋದಾದ್ರೆ ಅದು ಕೃಪೆ ಅಲ್ಲ ತಿಮ್ಮಯ್ಯ. ಯೇಸು ಸುಮ್ನೆ ಕೊಡ್ತಾನೆ, ಸುಮ್ನೆ ತಗೊಳ್ಳಿ."

ಸೋಮವಾರಪೇಟೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ತಿಮ್ಮಯ್ಯ ಇಪ್ಪತ್ತು ವರ್ಷ ಆಳುಗಳ ಲೆಕ್ಕ ಬರೆಯುವ ರೈಟರಾಗಿದ್ದವನು. ಕೊಯ್ದು ತಂದ ಚೀಲಗಳನ್ನು ಟಾರ್ಪಾಲಿನ ಮೇಲೆ ಸುರಿಸಿ, ಹಣ್ಣಿನ ನಡುವೆ ಹಸಿರು ಕಾಯಿ ಹುಡುಕದೆ ಒಂದನ್ನೂ ಒಳಗೆ ಬಿಟ್ಟವನಲ್ಲ. ಸುಮ್ಮನೆ ಕೊಡುವುದರಲ್ಲಿ ಏನೋ ಮೋಸ ಇರಲೇಬೇಕು ಎಂದುಕೊಂಡು ಪ್ರಾರ್ಥನಾ ಮಂದಿರದ ಬಾಗಿಲ ಕಡೆ ತಿರುಗಿದ.

ಬಾಗಿಲ ಬಳಿಯ ಚಾಪೆಯಲ್ಲಿ ಹುಚ್ಚಮ್ಮ ಕೂತಿದ್ದಳು. ಹಿಂದೊಮ್ಮೆ ಎಸ್ಟೇಟಿನಲ್ಲಿ ಅವಳ ಚೀಲದಲ್ಲಿ ಒಂದು ಹಿಡಿ ಹಸಿರು ಕಾಯಿ ಸಿಕ್ಕಿತೆಂದು, ಎಲ್ಲರೆದುರು ಬೈದು ಅವಳನ್ನು ಕೆಲಸದಿಂದ ಓಡಿಸಿದವನು ಅವನೇ. ಚೀಟಿಯ ಮೊದಲ ಸಾಲಿನಲ್ಲಿದ್ದದ್ದೂ ಅವಳ ಹೆಸರೇ. ಈಗ ಬೈಯುತ್ತಾಳೆ ಎಂದು ಅವನು ಕಾದು ನಿಂತ. ಅವಳು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದಳು.

"ಅವತ್ತಿಂದೆಲ್ಲ ನಂಗೂ ನೆನಪೈತೆ. ಕೂತ್ಕಳಿ ರೈಟ್ರೇ."

ಚಾಪೆಯ ಮೇಲೆ ಏನಾದರೂ ಇದೆಯೇ ಎಂದು ತಿಮ್ಮಯ್ಯ ಎರಡು ಸಲ ಕೈಯಾಡಿಸಿ ನೋಡಿದ. ಏನೂ ಇರಲಿಲ್ಲ. ಆಮೇಲೆ ಕೂತ.