ಹೊಲಿಗೆಯಿಲ್ಲದ ಉಣ್ಣೆಯ ಚೀಲ

ಒದ್ದೆ ಉಣ್ಣೆಯ ವಾಸನೆ ಬಂದರೆ ಇಂದಿಗೂ ಚಿಕ್ಕಮ್ಮನ ಮುಖ ನೆನಪಾಗುತ್ತದೆ.

ಚಿಕ್ಕಪ್ಪನದು ಮರದ ಕಾಲು. ಅದರೊಳಗೆ ಮೋಟುಗಾಲಿಗೆ ಹಾಕುವ ಬಟ್ಟೆಚೀಲದ ಹೊಲಿಗೆ ಒತ್ತಿ ಹುಣ್ಣಾಗುತ್ತಿತ್ತು. “ಆಫೀಸಿಗೆ ನಡೆಯೋಕಾಗ್ತಿಲ್ಲ, ಮೆತ್ತಗಿರೋದು ಹೆಣೆದುಕೊಡಮ್ಮ” ಎಂದರು. ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದಂತೆ ನಾಲ್ಕು ಕಡ್ಡಿಗಳಲ್ಲಿ ಸುತ್ತ ಹೆಣೆದು, ಹೊಲಿಗೆಯೇ ಇಲ್ಲದ ಉಣ್ಣೆಚೀಲ ಮಾಡಿಕೊಟ್ಟೆ. ಅದನ್ನು ಹಾಕಿಕೊಂಡು ಅವರು ಚಿಂತಾಮಣಿಗೆ ಹೆಣ್ಣು ನೋಡಲು ಹೋದರು, ಕುಂಟದೆ ನಡೆದರಂತೆ.

ಮದುವೆಯಾದ ವಾರದಲ್ಲೇ ಒಂದು ಮಧ್ಯಾಹ್ನ, ಹೊಸ ಚಿಕ್ಕಮ್ಮ ಬಾವಿಕಟ್ಟೆಯಲ್ಲಿ ಆ ಚೀಲ ಒಗೆಯುತ್ತಿದ್ದರು.

“ಎಷ್ಟು ನುಣ್ಣಗಿದೆ! ಯಾರಮ್ಮ ಹೆಣೆದಿದ್ದು?”

“ನಾನೇ!” ಎಂದೆ ಹಿಗ್ಗಿನಿಂದ.

ಅವರ ಕೈ ನಿಂತಿತು. “ಅಂದ್ರೆ ನಿಂಗೂ ಗೊತ್ತಿತ್ತು. ನಮ್ಮನೇಲಿ ಮಾತ್ರ ಯಾರಿಗೂ ಕಾಲಿನ ವಿಷಯ ಹೇಳ್ಲಿಲ್ಲ.”

“ಹೇಳಿದ್ರೆ ಯಾರು ಹೆಣ್ಣು ಕೊಡ್ತಿದ್ರು?” ಎಂದರು ಒಳಗಿನಿಂದ ಅಜ್ಜಿ.

ಚಿಕ್ಕಮ್ಮ ಚೀಲ ಹಿಂಡಿ ನನ್ನ ಕೈಗಿಟ್ಟರು.

“ನೀನೇ ಒಣಗಾಕಮ್ಮ.”